ಪಿಯಾನೋ ಕಾಂಪಿಟಿಶನ್‌ಗೆ ಯಾವ ಪೀಸ್, ಹೆಂಗೆ ಪ್ರಾಕ್ಟೀಸ್: ಶುರುವಿಂದ ಸ್ಟೇಜ್‌ವರೆಗೂ

ಕಾಂಪಿಟಿಶನ್ ಫಾರ್ಮ್ ಬಂದ ತಕ್ಷಣ ಪೇರೆಂಟ್ಸ್ ಕೇಳೋ ಮೊದಲ್ನೇ ಪ್ರಶ್ನೆ, "ಮೇಡಂ, ಯಾವ ಪೀಸ್ ನುಡಿಸಿದ್ರೆ ಪ್ರೈಜ್ ಬರತ್ತೆ?" ಅಂತ. ನಾನು ಯಾವಾಗ್ಲೂ ಹೇಳೋದು ಒಂದೇ: ಮಗುವಿನ ಕೆಟ್ಟ ದಿನದಲ್ಲೂ ನಿಲ್ಲೋ ಪೀಸ್ ತಗೊಳ್ಳಿ. ಅಂದ್ರೆ ಗೊತ್ತಿಲ್ಲದ ಪಿಯಾನೋ, ಎ.ಸಿ. ಹಾಲ್, ಕೈ ತಣ್ಣಗಾಗಿದೆ, ಮುಂದೆ ಹೋದ ಹುಡುಗ ಅದ್ಭುತವಾಗಿ ನುಡಿಸಿ ಬಂದಿದಾನೆ, ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಇಲ್ಲ, ಇಷ್ಟೆಲ್ಲ ಆದ್ಮೇಲೂ ಆ ಪೀಸ್ ಸಂಗೀತ ಅನ್ನಿಸ್ಕೋಬೇಕು. ಮನೇಲಿ ಭಾನುವಾರ ಬೆಳಿಗ್ಗೆ ಒಂದ್ಸಲ ಸೂಪರಾಗಿ ಬಂತು ಅನ್ನೋದು ಲೆವೆಲ್ ಅಲ್ಲ, ಅದು ಆ ಬೆಳಿಗ್ಗೆಯ ಅದೃಷ್ಟ ಅಷ್ಟೇ.

ಪಿಯಾನೋ ಪರೀಕ್ಷೆಗಳ ಗ್ರೇಡ್ 2ರಿಂದ ಗ್ರೇಡ್ 8ರ ಮಟ್ಟದಲ್ಲಿರೋ ಮಕ್ಕಳನ್ನ, ಅವರ ಅಪ್ಪ ಅಮ್ಮನ್ನ, ಮತ್ತೆ ಹೊಸದಾಗಿ ಪಾಠ ಹೇಳೋಕೆ ಶುರು ಮಾಡಿರೋ ಟೀಚರ್‌ಗಳನ್ನ ಮನಸ್ಸಲ್ಲಿ ಇಟ್ಕೊಂಡು ಇದನ್ನ ಬರೀತಿದೀನಿ. ಸ್ವಲ್ಪ ಉದ್ದ ಇದೆ, ನಿಧಾನವಾಗಿ ಓದಿ.

ಹೆಜ್ಜೆ 1: ಮೊದ್ಲು ರೂಲ್ಸ್ ಓದಿ, ಆಮೇಲೆ ಪೀಸ್

ಇದು ಬೋರಿಂಗ್ ಕೆಲಸ, ಆದ್ರೆ ಇಲ್ಲಿ ಎಡವಿದ್ರೆ ನಾಲ್ಕು ತಿಂಗಳ ಪ್ರಾಕ್ಟೀಸ್ ನೀರಲ್ಲಿ ಹೋಮ. ನೋಡ್ಬೇಕಾಗಿರೋದು ಇಷ್ಟು. ವಯಸ್ಸು ಯಾವ ತಾರೀಕಿಗೆ ಲೆಕ್ಕ ಹಾಕ್ತಾರೆ. ಎಷ್ಟು ನಿಮಿಷ, ಅದು ಹೆಚ್ಚೆಂದ್ರೆ ಇಷ್ಟು ಅಂತಾನಾ ಅಥ್ವಾ ಕನಿಷ್ಠ ಇಷ್ಟು ಅಂತಾನೂ ಇದೆಯಾ. ನೋಡದೇ ನುಡಿಸಬೇಕಾ, ಪುಸ್ತಕ ಇಟ್ಕೋಬಹುದಾ. ಎಲ್ಲರಿಗೂ ಒಂದೇ ಸೆಟ್ ಪೀಸ್ ಇದೆಯಾ ಅಥ್ವಾ ನಮ್ಮಿಷ್ಟದ್ದಾ. ಬೇರೆ ಬೇರೆ ಕಾಲದ ಎರಡು ಪೀಸ್ ಕೇಳಿದಾರಾ. ರಿಪೀಟ್ ನುಡಿಸಬೇಕಾ ಬಿಡಬೇಕಾ. ಜಡ್ಜ್‌ಗೆ ಪುಸ್ತಕದ ಕಾಪಿ ಕೊಡಬೇಕಾ, ಕೊಡಬೇಕಂದ್ರೆ ಜೆರಾಕ್ಸ್ ಒಪ್ತಾರಾ. ಮೊದಲ್ನೇ ರೌಂಡ್ ವಿಡಿಯೋ ಆದ್ರೆ ಡಿಜಿಟಲ್ ಪಿಯಾನೋ ನಡೆಯತ್ತಾ.

ಟೈಮ್ ವಿಷಯಕ್ಕೆ ಒಂದು ಮಾತು. ಐದು ನಿಮಿಷ ಅಂತ ಇದ್ರೆ ನಾಲ್ಕು ಮುಕ್ಕಾಲಿಗೆ ಮುಗಿಯೋ ಪ್ರೋಗ್ರಾಂ ಮಾಡಿ. ಸ್ಟೇಜ್ ಮೇಲೆ ಎರಡು ಪೀಸ್ ಮಧ್ಯೆ ಉಸಿರು ತಗೊಳ್ಳೋಕೂ ಟೈಮ್ ಬೇಕು, ಎಷ್ಟೋ ಕಡೆ ಟೈಮ್ ಮುಗಿದ ತಕ್ಷಣ ಬೆಲ್ ಹೊಡೆದು ನಿಲ್ಲಿಸಿಬಿಡ್ತಾರೆ. ನಿಲ್ಲಿಸಿದ್ರೆ ಮಾರ್ಕ್ಸ್ ಕಟ್ ಆಗಲ್ಲ ಅಂತ ರೂಲ್ಸ್‌ನಲ್ಲಿ ಬರೆದಿದ್ರೂ ಮಗುಗೆ ಅದು ಶಾಕ್, ಮೊದಲೇ ಹೇಳಿಟ್ಟಿರಿ.

ಹೆಜ್ಜೆ 2: ಮಗುವಿನ ನಿಜವಾದ ಲೆವೆಲ್ ಹಿಡೀರಿ

ನಮ್ಮ ಕಡೆ ಎಲ್ಲದಕ್ಕೂ ಎ.ಬಿ.ಆರ್.ಎಸ್.ಎಂ. ಅಥ್ವಾ ಟ್ರಿನಿಟಿ ಅನ್ನೋ ಸಂಗೀತ ಪರೀಕ್ಷಾ ಬೋರ್ಡ್‌ಗಳ ಗ್ರೇಡೇ ಅಳತೆಗೋಲು. "ಗ್ರೇಡ್ 5 ಮುಗ್ಸಿದಾಳೆ, ಹಾಗಾಗಿ ಕಾಂಪಿಟಿಶನ್‌ಗೆ ಗ್ರೇಡ್ 7 ಪೀಸ್ ಕೊಡಿ" ಅಂತಾರೆ. ನಾನು ಉಲ್ಟಾ ಹೇಳ್ತೀನಿ. ಗ್ರೇಡ್ 5 ಮುಗ್ಸಿದ್ರೆ ಗ್ರೇಡ್ 5ರ ಮಟ್ಟದ ಪೀಸೇ ತಗೊಳ್ಳಿ, ತುಂಬಾ ಇಷ್ಟ ಆದ್ರೆ ಅರ್ಧ ಹೆಜ್ಜೆ ಮೇಲೆ ಹೋಗಿ. ಎಕ್ಸಾಂನಲ್ಲಿ ಪಾಸ್ ಮಾರ್ಕ್ ಅಂತ ಒಂದಿದೆ, ಪಕ್ಕದವರ ಜೊತೆ ಹೋಲಿಕೆ ಇಲ್ಲ. ಕಾಂಪಿಟಿಶನ್‌ನಲ್ಲಿ ಜಡ್ಜ್ ಒಂದೇ ಮಧ್ಯಾಹ್ನ ಮೂವತ್ತು ನಲ್ವತ್ತು ಮಕ್ಕಳನ್ನ ಕೇಳ್ತಾರೆ, ಕುಂಟ್ಕೊಂಡು ಹೋಗೋ ದೊಡ್ಡ ಪೀಸ್‌ಗಳೇ ಅದ್ರಲ್ಲಿ ಜಾಸ್ತಿ. ಅದರ ಮಧ್ಯೆ ಒಂದು ಚಿಕ್ಕ ಪೀಸ್ ಪೂರ್ತಿ ಕಂಟ್ರೋಲ್‌ನಲ್ಲಿ, ಒಳ್ಳೇ ಸೌಂಡ್‌ನಲ್ಲಿ ಬಂದ್ರೆ ಅವರು ಪೆನ್ ಕೆಳಗಿಟ್ಟು ಕೇಳ್ತಾರೆ.

ಪರೀಕ್ಷೆ ಮಾಡೋಕೆ ಸುಲಭದ ದಾರಿ ಇದೆ. ಹೊಸ ಪೀಸ್ ಕೊಟ್ಟು ಎರಡು ವಾರ ಬಿಡಿ. ಅಷ್ಟರಲ್ಲಿ ಎರಡೂ ಕೈ ಸೇರಿಸಿ, ಅರ್ಧ ಸ್ಪೀಡ್‌ನಲ್ಲಿ, ನಿಲ್ಲದೇ ಕೊನೆವರೆಗೂ ಬಂದ್ರೆ ಅದು ಕಾಂಪಿಟಿಶನ್ ಪೀಸ್ ಆಗಬಹುದು. ಎರಡು ವಾರ ಆದ್ಮೇಲೂ ನೋಟ್ಸ್ ಹುಡುಕ್ತಾ ಕೂತಿದ್ರೆ ಆ ಪೀಸ್ ಈ ವರ್ಷದ್ದಲ್ಲ.

ಕೈ ಸೈಜ್ ಕೂಡ ನೋಡ್ಬೇಕು. ಬೀಥೋವನ್‌ನ ಪಥೇಟಿಕ್ ಸೊನಾಟ, ಓಪಸ್ 13 (ಓಪಸ್ ಅಂದ್ರೆ ಕೃತಿಯ ನಂಬರ್), ಎಲ್ಲ ಹುಡುಗರಿಗೂ ಆಸೆ. ಮೊದಲ್ನೇ ಮೂವ್‌ಮೆಂಟ್‌ನಲ್ಲಿ ಎಡಗೈ ಆಕ್ಟೇವ್ ಟ್ರೆಮೊಲೋ (ಎಂಟು ಕೀ ಅಗಲದ ಎರಡು ನೋಟ್ ಬೇಗ ಬೇಗ ಬದಲಿಸಿ ನುಡಿಸೋದು) ಪುಟಗಟ್ಟಲೆ ಬರತ್ತೆ, ಆಕ್ಟೇವ್ ಆರಾಮಾಗಿ ಸಿಗದ ಕೈಗೆ ಅದು ಕೊಟ್ರೆ ಮಣಿಕಟ್ಟು ಬಿಗಿ ಆಗಿ ಎರಡನೇ ಪುಟದಲ್ಲೇ ಸೋತು ಹೋಗತ್ತೆ, ನೋವು ಶುರುವಾದ್ರೆ ಅದು ಇನ್ನೂ ಕಷ್ಟ. ಅದೇ ಬೀಥೋವನ್ ಬೇಕು ಅಂದ್ರೆ ಓಪಸ್ 49ರ ಎರಡು ಸೊನಾಟಗಳಿವೆ, ಸ್ವಲ್ಪ ಮುಂದಿದ್ರೆ ಓಪಸ್ 79 ಇದೆ, ಓಪಸ್ 14ರ ಮೊದಲ್ನೇದಿದೆ. ಯಾವ ಜಡ್ಜೂ ಇವನ್ನ ಕೀಳಾಗಿ ನೋಡಲ್ಲ.

ಹೆಜ್ಜೆ 3: ಪೀಸ್ ಆರಿಸೋದು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕಳೀರಿ, ಯಾಕಂದ್ರೆ ಅರ್ಧ ಕೆಲಸ ಇಲ್ಲೇ ಮುಗಿಯತ್ತೆ.

ಬರೋಕ್, ಅಂದ್ರೆ ಮೊಜಾರ್ಟ್‌ಗಿಂತ ಹಿಂದಿನ ಕಾಲದ ಸಂಗೀತ, ಬೇಕಂದ್ರೆ ಬಾಖ್. ಅವನ ಟೂ ಪಾರ್ಟ್ ಇನ್ವೆನ್ಷನ್ಸ್ (ಎರಡೂ ಕೈಗೆ ಬೇರೆ ಬೇರೆ ಟ್ಯೂನ್ ಇರೋ ಚಿಕ್ಕ ಪೀಸ್‌ಗಳು) 15 ಇವೆ, ಶುರು ಮಾಡೋರು ಎಲ್ಲರೂ ಒಂದನೇದು, ನಾಲ್ಕನೇದು, ಎಂಟನೇದು, ಹದಿಮೂರನೇದಕ್ಕೇ ಹೋಗ್ತಾರೆ, ಹೋಗಲಿ, ಒಳ್ಳೇವೇ. ಎಂಟನೇದು, ಎಫ್ ಮೇಜರ್, ಕೇಳೋಕೆ ಖುಷಿಯಾಗಿರತ್ತೆ, ಬಲಗೈ ಹೇಳಿದ್ದನ್ನ ಎಡಗೈ ಒಂದು ಬಾರ್ (ತಾಳದ ಒಂದು ಆವರ್ತದಂಥ ಅಳತೆ) ಬಿಟ್ಟು ಕೆಳಗಿನ ಆಕ್ಟೇವ್‌ನಲ್ಲಿ ಹಾಗೇ ಹೇಳ್ಕೊಂಡು ಹಿಂದೆ ಹಿಂದೆ ಬರತ್ತೆ. ಎಡಗೈ ವೀಕ್ ಇರೋ ಮಗುಗೆ ಇದನ್ನ ಕೊಟ್ರೆ ವೀಕ್‌ನೆಸ್ಸೇ ಮೊದಲು ಕಾಣೋದು, ಅದು ನೆನಪಿರಲಿ. ಹೀಗೆ ಎರಡು ಟ್ಯೂನ್ ಒಟ್ಟಿಗೆ ನಡೆಸೋ ಕೌಂಟರ್‌ಪಾಯಿಂಟ್ ಅಭ್ಯಾಸ ಇಲ್ಲದಿದ್ರೆ ಸ್ಕಾರ್ಲಾಟಿ ನೋಡಿ, 555 ಸೊನಾಟ ಇವೆ, ಕೆ. 159 (ಕೆ. ಅನ್ನೋದು ಕೃತಿಗಳ ಪಟ್ಟಿಯ ನಂಬರ್) ಥರದ್ದು ಸ್ಟೇಜ್ ಮೇಲೆ ತುಂಬಾ ಚೆನ್ನಾಗಿ ಕೇಳ್ಸತ್ತೆ.

ಆಮೇಲಿನ ಕ್ಲಾಸಿಕಲ್ ಕಾಲದ್ದರಲ್ಲಿ ಚಿಕ್ಕವರಿಗೆ ಕ್ಲೆಮೆಂಟಿ ಓಪಸ್ 36ರ ಆರು ಸೊನಾಟಿನಾ, ಕುಹ್ಲೌ ಓಪಸ್ 20 ಮತ್ತೆ 55. ಸ್ವಲ್ಪ ದೊಡ್ಡವರಿಗೆ ಹೈಡನ್. ಹೈಡನ್ ಬಗ್ಗೆ ನಂಗೆ ವಿಶೇಷ ಪ್ರೀತಿ ಇದೆ, ಇಲ್ಲಿ ಅವನನ್ನ ಕಡಿಮೆ ನುಡಿಸ್ತಾರೆ. ಡಿ ಮೇಜರ್ ಸೊನಾಟ, ಹೋಬೋಕನ್ ಪಟ್ಟಿಯಲ್ಲಿ 16ರ 37ನೇದು, ಮಕ್ಕಳಿಗೆ ಅದ್ರಲ್ಲಿರೋ ಚೇಷ್ಟೆ ಬೇಗ ಅರ್ಥ ಆಗತ್ತೆ, ಅದಕ್ಕೇ ಸ್ಟೇಜ್ ಮೇಲೆ ಜೀವ ಬರತ್ತೆ. ಮೊಜಾರ್ಟ್ ನೋಡೋಕೆ ಸುಲಭ, ನೋಟ್ಸ್ ಕಡಿಮೆ, ಆದ್ರೆ ಒಂದೊಂದು ನೋಟೂ ಬೆತ್ತಲೆ. ಸ್ಕೇಲ್‌ನಲ್ಲಿ ಹೆಬ್ಬೆರಳು ಒಂಚೂರು ಗಟ್ಟಿ ಬಿದ್ರೂ ಹಾಲ್ ಕೊನೆವರೆಗೂ ಗೊತ್ತಾಗತ್ತೆ.

ಅದರ ನಂತರದ ರೊಮ್ಯಾಂಟಿಕ್ ಕಾಲ ಅಂದ ತಕ್ಷಣ ಶೋಪಾನ್ ಅಂತಾರೆ. ಸರಿ, ಆದ್ರೆ ಫ್ಯಾಂಟಸಿ ಆಂಪ್ರೊಂಪ್ಟುಗೆ ಆತುರ ಬೇಡ. ಒಂದೇ ಹೊತ್ತಲ್ಲಿ ಬಲಗೈಲಿ ನಾಲ್ಕು ನೋಟ್, ಎಡಗೈಲಿ ಮೂರು, ಅದು ಯೋಚನೆ ಮಾಡದೇ ಬರೋವರೆಗೂ ಆ ಪೀಸ್ ಬರೀ ಗಲಾಟೆ. ಚಿಕ್ಕವರಿಗೆ ಬುರ್ಗ್‌ಮುಲ್ಲರ್ ಓಪಸ್ 100 ಇದೆ, ಶೂಮನ್ 1848ರಲ್ಲಿ ಬರೆದ ಆಲ್ಬಮ್ ಫಾರ್ ದ ಯಂಗ್ ಇದೆ, ಚೈಕೋವ್‌ಸ್ಕಿಯ ಓಪಸ್ 39 ಇದೆ, ಅದರೊಳಗಿನ ಬಾಬಾ ಯಾಗಾ ಒಂದು ನಿಮಿಷಕ್ಕೆ ಮುಗಿದ್ರೂ ಹಾಲ್‌ನೇ ಎಬ್ಬಿಸತ್ತೆ. ಗ್ರೇಡ್ 7-8 ಅಂದ್ರೆ ಶೂಬರ್ಟ್‌ನ ಓಪಸ್ 90 ಇಂಪ್ರಾಂಪ್ಟುಗಳು, ಗ್ರೀಗ್‌ನ ಲಿರಿಕ್ ಪೀಸಸ್.

ಇಪ್ಪತ್ತನೇ ಶತಮಾನದ್ದನ್ನ ನಮ್ಮ ಪೇರೆಂಟ್ಸ್ "ಟ್ಯೂನೇ ಇಲ್ಲ" ಅಂತ ಬೇಡ ಅಂತಾರೆ, ಮಕ್ಕಳು ಅದನ್ನೇ ಇಷ್ಟ ಪಡ್ತಾರೆ. ಕಬಲೆವ್‌ಸ್ಕಿಯ ಟೊಕಾಟಿನಾ, ಅವನದ್ದೇ ಓಪಸ್ 13ರ ಸಿ ಮೇಜರ್ ಸೊನಾಟಿನಾ, ಬಾರ್ಟೋಕ್‌ನ ರೊಮೇನಿಯನ್ ಫೋಕ್ ಡ್ಯಾನ್ಸಸ್, ಇವೆಲ್ಲ ರಿದಂ ಗಟ್ಟಿ ಇರೋ ಮಕ್ಕಳಿಗೆ ಹೇಳಿ ಮಾಡಿಸಿದ್ದು. ಕರ್ನಾಟಕ ಸಂಗೀತನೂ ಕಲಿಯೋ ಮಕ್ಕಳು ಬಾರ್ಟೋಕ್ ಬೇಗ ಹಿಡೀತಾರೆ ಅನ್ನೋದನ್ನ ಗಮನಿಸಿದೀನಿ, ತಾಳ ಮೈಗೆ ಇಳಿದಿರತ್ತೆ, ಮೇಜರ್ ಮೈನರ್ ಬಿಟ್ಟು ಬೇರೆ ಸ್ವರಗಳ ಜೋಡಣೆ ಅವರ ಕಿವಿಗೆ ವಿಚಿತ್ರ ಅನ್ಸಲ್ಲ.

ಎರಡು ಪೀಸ್ ಇದ್ರೆ ಅವೆರಡೂ ಬೇರೆ ಬೇರೆ ಗುಣ ತೋರಿಸ್ಬೇಕು. ಎರಡೂ ಫಾಸ್ಟ್ ಇಟ್ರೆ ಮಗುಗೆ ಹಾಡಿಸೋಕೆ ಬರಲ್ವೇನೋ ಅಂತ ಜಡ್ಜ್ ಅಂದ್ಕೋತಾರೆ. ಯಾವುದು ಮೊದ್ಲು ಅಂತ ಕೇಳ್ತೀರಾ? ಕಾಲದ ಕ್ರಮದಲ್ಲೇ ಇರಬೇಕು ಅಂತ ರೂಲ್ಸ್ ಹೇಳದಿದ್ರೆ, ಯಾವ ಪೀಸ್‌ನ ಮೊದಲ ಎಂಟು ಬಾರ್ ನಿದ್ದೆಯಿಂದ ಎಬ್ಬಿಸಿ ಕೂರಿಸಿದ್ರೂ ಬರತ್ತೋ ಅದು ಮೊದ್ಲು. ಬಾಖ್‌ನಿಂದ ಶುರು ಮಾಡೋದು ಚೆಂದ, ಆದ್ರೆ ಕೈ ನಡುಗೋ ಮಗುಗೆ ಬಾಖ್‌ನಲ್ಲಿ ಬಚ್ಚಿಟ್ಕೊಳ್ಳೋಕೆ ಜಾಗ ಇಲ್ಲ.

ಎಲ್ಲರೂ ನುಡಿಸೋದೇ ಯಾಕೆ

ಫ್ಯೂರ್ ಎಲೀಸ್ ಒಳ್ಳೇ ಪೀಸ್. ಆದ್ರೆ ಜಡ್ಜ್ ತಲೇಲಿ ಅದರ ನೂರು ರೆಕಾರ್ಡಿಂಗ್ ಓಡ್ತಿರತ್ತೆ, ಅದರ ಜೊತೆ ನಿಮ್ಮ ಮಗುವಿನ ಹೋಲಿಕೆ. ಕಡಿಮೆ ಕೇಳಿರೋ ಪೀಸ್ ತಗೊಂಡ್ರೆ ಆ ಭಾರ ಇರಲ್ಲ. ಮೈಕಾಪಾರ್‌ನ ಓಪಸ್ 28 ಬಿರ್ಯುಲ್ಕಿ, ಏಮಿ ಬೀಚ್‌ನ ಓಪಸ್ 25 ಚಿಲ್ಡ್ರನ್ಸ್ ಕಾರ್ನಿವಲ್, ಸೆಸಿಲ್ ಶಾಮಿನಾಡ್ ಮಕ್ಕಳಿಗೆ ಬರೆದ ಓಪಸ್ 123, 126, ಇವನ್ನೆಲ್ಲ ಒಂದ್ಸಲ ತೆರೆದು ನೋಡಿ.

ಈ ವಿಷಯದಲ್ಲಿ ನಮಗೆ ಮನೆಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಮೈಸೂರಿನ ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೋ ಕಲಿತವರು. ಜಗತ್ತು ಹೆಚ್ಚು ಕಡಿಮೆ ಮರೆತಿದ್ದ ನಿಕೊಲಾಯ್ ಮೆಟ್ನರ್ ಅನ್ನೋ ರಷ್ಯನ್ ಸಂಗೀತಗಾರನ ಕೃತಿಗಳನ್ನ ಅವನೇ ನುಡಿಸಿ ರೆಕಾರ್ಡ್ ಮಾಡೋಕೆ 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ಅವರು. ಮೆಟ್ನರ್ ತನ್ನ ಮೂರನೇ ಪಿಯಾನೋ ಕಾನ್ಚೆರ್ಟೋನ ಮೈಸೂರು ಮಹಾರಾಜರಿಗೇ ಅರ್ಪಿಸಿದ. ಸೀನಿಯರ್ ಮಕ್ಕಳು, ಗ್ರೇಡ್ 8 ದಾಟಿದವರು, ಅವನ ಫೇರಿ ಟೇಲ್ಸ್ ಪೀಸ್‌ಗಳಲ್ಲಿ ಓಪಸ್ 26ರ ಮೂರನೇದು, ಎಫ್ ಮೈನರ್, ಕೇಳಿ ನೋಡಿ. ಎರಡು ಮೂರು ನಿಮಿಷದ್ದು, ಮನಸ್ಸು ಹಿಡಿದು ನಿಲ್ಲಿಸತ್ತೆ. ಕನ್ನಡದ ಮಕ್ಕಳು ಮೆಟ್ನರ್ ನುಡಿಸ್ಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ಹೆಜ್ಜೆ 4: ಪುಸ್ತಕ

ಯಾವ ಎಡಿಷನ್ ಅನ್ನೋದು ಚಿಕ್ಕ ವಿಷಯ ಅಲ್ಲ. ಬಾಖ್ ಕೈಬರಹದಲ್ಲಿ ಜೋರು, ಮೆಲ್ಲಗೆ ಅನ್ನೋ ಗುರುತು ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ನೆಟ್‌ನಲ್ಲಿ ಫ್ರೀ ಸಿಗೋ ಹಳೇ ಸ್ಕ್ಯಾನ್‌ಗಳಲ್ಲಿ ಇರೋ ಕ್ರೆಶೆಂಡೋ (ಜೋರಾಗ್ತಾ ಹೋಗಿ ಅನ್ನೋ ಗುರುತು), ಉದ್ದುದ್ದ ಸ್ಲರ್ (ಸೇರಿಸಿ ನುಡಿಸಿ ಅನ್ನೋ ಗೆರೆ) ಎಲ್ಲ ಆಮೇಲಿನ ಎಡಿಟರ್‌ಗಳು ಸೇರಿಸಿದ್ದು. ಅದನ್ನ ಬಾಖ್ ಹೇಳಿದ್ದು ಅಂದ್ಕೊಂಡು ನುಡಿಸಿದ್ರೆ ಸ್ಟೈಲ್‌ಗೆ ಮಾರ್ಕ್ಸ್ ಹೋಗತ್ತೆ. ಹೆನ್ಲೆ, ಬೇರನ್‌ರೈಟರ್, ವೀನರ್ ಉರ್‌ಟೆಕ್ಸ್ಟ್, ಮೂಲಕ್ಕೆ ಹತ್ತಿರ ಇರೋ ಈ ಪ್ರಕಾಶಕರ ಪುಸ್ತಕಗಳಲ್ಲಿ ಒಂದು ತಗೊಳ್ಳಿ, ದುಬಾರಿ, ಆದ್ರೆ ತಮ್ಮ ತಂಗಿಗೂ ಆಗತ್ತೆ. ಇನ್ನೊಂದು, ನಮ್ಮ ದೇಶದಲ್ಲಿ ಬರೆದವರು ತೀರಿ 60 ವರ್ಷದವರೆಗೂ ಕಾಪಿರೈಟ್ ಇರತ್ತೆ. ಮೊಜಾರ್ಟ್‌ಗೆ ತೊಂದರೆ ಇಲ್ಲ, ಕಬಲೆವ್‌ಸ್ಕಿ 1987ರವರೆಗೂ ಇದ್ದವನು, ಖಚತುರಿಯನ್ ತೀರಿದ್ದು 1978ರಲ್ಲಿ, ಅವರದ್ದು ಜೆರಾಕ್ಸ್ ತಗೊಂಡು ಹೋದ್ರೆ ಡೆಸ್ಕ್‌ನಲ್ಲೇ ವಾಪಸ್ ಕಳಿಸಬಹುದು.

ಪುಸ್ತಕ ಬಂದ ದಿನಾನೇ ಬಾರ್ ನಂಬರ್ ಹಾಕಿ, ಫಿಂಗರಿಂಗ್, ಅಂದ್ರೆ ಯಾವ ನೋಟ್‌ಗೆ ಯಾವ ಬೆರಳು ಅನ್ನೋದು, ಪೆನ್ಸಿಲ್‌ನಲ್ಲಿ ಬರೀರಿ. ಫಿಂಗರಿಂಗ್ ಮೊದಲ ವಾರದಲ್ಲೇ ಫೈನಲ್ ಆಗ್ಬೇಕು. ಟೆನ್ಷನ್‌ನಲ್ಲಿ ಬೆರಳು ಹೋಗೋದು ಅಭ್ಯಾಸ ಆಗಿರೋ ದಾರಿಗೆ, ಎರಡು ದಾರಿ ಅಭ್ಯಾಸ ಆಗಿದ್ರೆ ಸ್ಟೇಜ್ ಮೇಲೆ ಕೈ ಮಧ್ಯದಲ್ಲಿ ಸಿಕ್ಕಾಕ್ಕೊಳತ್ತೆ.

ಹೆಜ್ಜೆ 5: ಕ್ಯಾಲೆಂಡರ್

ಕಾಂಪಿಟಿಶನ್ ದಿನದಿಂದ ಹಿಂದಕ್ಕೆ ಎಣಿಸಿ. ನಾಲ್ಕೈದು ತಿಂಗಳು ಬೇಕು. ಮೊದಲ ಆರು ವಾರ ನೋಟ್ಸ್ ಮತ್ತೆ ಫಿಂಗರಿಂಗ್. ಇನ್ನು ಎಂಟು ವಾರ ಇದೆ ಅನ್ನೋವಾಗ ಪುಸ್ತಕ ಮುಚ್ಚಿ ನುಡಿಸೋಕೆ ಬರ್ತಿರಬೇಕು. ಕೊನೇ ನಾಲ್ಕು ವಾರ ಹೊಸದೇನೂ ಕಲಿಯೋದಿಲ್ಲ, ಬೇರೆಯವರ ಮುಂದೆ ನುಡಿಸೋದು, ರಿಪೇರಿ ಮಾಡೋದು, ಅಷ್ಟೇ. ದಸರಾ ರಜ ಮಧ್ಯೆ ಬಂದ್ರೆ ಅದೊಂದು ವರ, ಊರಿಗೆ ಹೋಗೋ ಮುಂಚೆ ಒಂದು ವಾರ ಗಟ್ಟಿಯಾಗಿ ಕೂರಿಸಿ. ಮಾರ್ಚ್‌ನಲ್ಲಿ ಬೋರ್ಡ್ ಎಕ್ಸಾಂ ಇರೋ ಮಕ್ಕಳಿಗೆ ಫೆಬ್ರವರಿ ಕಾಂಪಿಟಿಶನ್‌ಗೆ ಹೊಸ ಪೀಸ್ ಕೊಡಲೇಬೇಡಿ, ಕಳೆದ ವರ್ಷದ ಪೀಸ್ ಪಾಲಿಶ್ ಮಾಡಿ ಕಳಿಸಿ.

ದಿನಕ್ಕೆ ಎಷ್ಟು? ಏಳೆಂಟು ವರ್ಷದ ಮಗುಗೆ ಇಪ್ಪತ್ತು ನಿಮಿಷದ ಎರಡು ಸಿಟ್ಟಿಂಗ್ ಸಾಕು. ಹೈಸ್ಕೂಲ್ ಮಕ್ಕಳಿಗೆ ಒಂದೂವರೆ ಎರಡು ಗಂಟೆ, ಅದೂ ಮುರಿದು ಮುರಿದು. ಮಣಿಕಟ್ಟು ನೋಯ್ತಿದೆ ಅಂದ್ರೆ ಅಲ್ಲೇ ನಿಲ್ಲಿಸಿ, "ಇನ್ನೊಂದ್ಸಲ" ಅನ್ನಬೇಡಿ.

ಹೆಜ್ಜೆ 6: ಕೂತು ಮಾಡೋ ಪ್ರಾಕ್ಟೀಸ್, ಒಂದು ಪೀಸ್ ಹಿಡ್ಕೊಂಡು ನೋಡೋಣ

ಮಕ್ಕಳು ಪ್ರಾಕ್ಟೀಸ್ ಅಂದ್ರೆ ಪೀಸ್‌ನ ಮೊದಲಿಂದ ಕೊನೆವರೆಗೂ ನುಡಿಸೋದು ಅಂದ್ಕೊಂಡಿರ್ತಾರೆ, ತಪ್ಪಾದ ಕಡೆ ನಿಂತು ಸರಿ ಮಾಡಿ ಮುಂದೆ ಹೋಗೋದು, ಮತ್ತೆ ಮೊದಲಿಂದ. ಇದ್ರಿಂದ ಮೊದಲ ಪುಟ ಬಂಗಾರ ಆಗತ್ತೆ, ಕೊನೇ ಪುಟ ಹಾಗೇ ಉಳಿಯತ್ತೆ, ಮೇಲಿಂದ ನಿಲ್ಲೋದೂ ಒಂದು ಅಭ್ಯಾಸ ಆಗತ್ತೆ.

ಮೊಜಾರ್ಟ್‌ನ ಸಿ ಮೇಜರ್ ಸೊನಾಟ, ಕೆ. 545, ಮೊದಲ್ನೇ ಮೂವ್‌ಮೆಂಟ್ ತಗೊಳ್ಳೋಣ, ಎಲ್ಲರಿಗೂ ಗೊತ್ತಿರೋದು. 1788ರದ್ದು, ತನ್ನ ಪಟ್ಟಿಯಲ್ಲಿ ಮೊಜಾರ್ಟ್ ಇದನ್ನ ಹೊಸದಾಗಿ ಕಲಿಯೋರಿಗೆ ಅಂತ ಬರೆದಿಟ್ಟಿದಾನೆ. 73 ಬಾರ್ ಇದೆ. ಮೊದಲ ನಾಲ್ಕು ಬಾರ್ ಶಾಂತ, ಎಡಗೈ ಆಲ್ಬರ್ಟಿ ಬೇಸ್ (ಕಾರ್ಡ್‌ನ ನೋಟ್‌ಗಳನ್ನ ಬಿಡಿಸಿ ನುಡಿಸೋದು), ಬಲಗೈಲಿ ಟ್ಯೂನ್. ಆ ಶಾಂತಿಗೆ ಮೋಸ ಹೋಗಿ ಮಗು ಸ್ವಲ್ಪ ಜೋರು ಸ್ಪೀಡ್‌ನಲ್ಲಿ ಶುರು ಮಾಡತ್ತೆ, 5ನೇ ಬಾರ್‌ಗೆ ಸ್ಕೇಲ್ ಬಂತು, ಕೈ ಓಡೋಕಾಗ್ದೆ ಮುಗ್ಗರಿಸತ್ತೆ. ಅದಕ್ಕೆ ಶುರು ಮಾಡೋ ಮುಂಚೆ ಮನಸ್ಸಲ್ಲಿ ಕೇಳ್ಬೇಕಾಗಿದ್ದು 1ನೇ ಬಾರ್ ಅಲ್ಲ, 5ನೇ ಬಾರ್. ಆ ಸ್ಕೇಲ್ ಯಾವ ಸ್ಪೀಡ್‌ನಲ್ಲಿ ನೀಟಾಗಿ ಬರತ್ತೋ ಅದೇ ಇಡೀ ಪೀಸ್‌ನ ಸ್ಪೀಡ್. ಯಾವ ಪೀಸ್‌ಗಾದ್ರೂ ಇದೇ ಸೂತ್ರ, ಅತೀ ಕಷ್ಟದ ಬಾರ್ ಟೆಂಪೋ ಹೇಳತ್ತೆ.

ಈಗ ಆ ಸ್ಕೇಲ್‌ಗಳ ಹತ್ರಕ್ಕೆ ಹೋಗಿ. 5ನೇ ಬಾರ್ ಎ ಇಂದ ಹತ್ತಿ ಇಳಿಯತ್ತೆ, ಮುಂದಿನದು ಜಿ ಇಂದ, ಆಮೇಲೆ ಎಫ್, ಆಮೇಲೆ ಇ. ಎಲ್ಲ ಬಿಳೀ ಕೀಗಳೇ. ಒಂದು ಎರಡು ಮೂರು ಬೆರಳು, ಆಮೇಲೆ ಹೆಬ್ಬೆರಳು ಕೆಳಗಿಂದ ದಾಟತ್ತೆ, ಸರಿಯಾಗಿ ಆ ನಾಲ್ಕನೇ ನೋಟ್ ಟಕ್ ಅಂತ ಗಟ್ಟಿ ಬೀಳತ್ತೆ. ಕಣ್ಣು ಮುಚ್ಕೊಂಡು ಕೇಳಿ, ಸಿಕ್ಕೇ ಸಿಗತ್ತೆ. ರಿಪೇರಿ ಹೀಗೆ: ಮೂರನೇ ಬೆರಳು ಮತ್ತೆ ಹೆಬ್ಬೆರಳು, ಬರೀ ಆ ಎರಡು ನೋಟ್ ಮೆಲ್ಲಗೆ ಹತ್ತಾರು ಸಲ, ಹೆಬ್ಬೆರಳು ಮುಂಚೇನೇ ಹೋಗಿ ಕೀ ಮೇಲೆ ಕಾಯ್ತಿರಬೇಕು, ಕೊನೇ ಕ್ಷಣಕ್ಕೆ ಹಾರಬಾರದು. ಆಮೇಲೆ ಉದ್ದ-ಗಿಡ್ಡ, ಉದ್ದ-ಗಿಡ್ಡ ಅಂತ ರಿದಂ ಬದಲಿಸಿ, ಆಮೇಲೆ ಗಿಡ್ಡ-ಉದ್ದ. ಪ್ರತಿ ಬಾರ್‌ನ್ನ ಮುಂದಿನ ಬಾರ್‌ನ ಮೊದಲ ನೋಟ್‌ವರೆಗೂ ನುಡಿಸಿ ನಿಲ್ಲಿಸಿ, ಯಾಕಂದ್ರೆ ತಪ್ಪುಗಳು ಇರೋದು ಬಾರ್ ಒಳಗಲ್ಲ, ಬಾರ್‌ನಿಂದ ಬಾರ್‌ಗೆ ದಾಟೋ ಜಾಗದಲ್ಲಿ.

ಸರಳೆ ವರಸೆ ಕಲಿತ ಮಕ್ಕಳಿಗೆ ಮೂರು ಕಾಲ ಗೊತ್ತಿರತ್ತೆ ಅಲ್ವಾ, ಅದೇ ಇಲ್ಲಿ ಉಪಯೋಗಿಸಿ. ಮೆಟ್ರೋನೋಮ್ (ತಾಳ ಹಾಕೋ ಯಂತ್ರ) 60ಕ್ಕಿಟ್ಟು ಒಂದು ಬೀಟ್‌ಗೆ ಒಂದು ನೋಟ್, ಮೆಟ್ರೋನೋಮ್ ಮುಟ್ಟದೇ ಎರಡು ನೋಟ್, ಆಮೇಲೆ ನಾಲ್ಕು. ಮೂರನೇ ಕಾಲ ಮುಗ್ಗರಿಸಿದ್ರೆ ಎರಡನೇದಕ್ಕೆ ವಾಪಸ್. ನಾಲ್ಕು ನೋಟೂ ನೀಟಾಗಿ ಬಂದ್ಮೇಲೆ ನಾಲ್ಕು ನಾಲ್ಕು ಪಾಯಿಂಟ್ ಏರಿಸ್ತಾ ಹೋಗಿ. ಗುರಿ ಸ್ಪೀಡ್‌ಗಿಂತ ಒಂದೆರಡು ಹೆಜ್ಜೆ ಮೇಲೂ ಕೈಗೆ ಬರಬೇಕು, ಆದ್ರೆ ಸ್ಟೇಜ್ ಮೇಲೆ ಆ ಸ್ಪೀಡ್ ತೆಗೀಬಾರದು, ಅದು ಕೆಟ್ಟ ದಿನಕ್ಕೆ ಇಟ್ಟಿರೋ ಉಳಿತಾಯ.

ಪ್ರತಿದಿನ ಕೂತಾಗ ಕಷ್ಟದ ಬಾರ್‌ಗಳೇ ಮೊದ್ಲು. ಪೆನ್ಸಿಲ್‌ನಲ್ಲಿ ಸುತ್ತು ಹಾಕಿರೋ ಐದಾರು ಜಾಗ ಮುಗಿಸಿ, ಆಮೇಲೆ ಹಿಂದಿನಿಂದ ಮುಂದಕ್ಕೆ ಬನ್ನಿ, ಕೊನೇ ಎಂಟು ಬಾರ್, ಕೊನೇ ಹದಿನಾರು, ಹೀಗೆ. ಪೂರ್ತಿ ಪೀಸ್ ದಿನಕ್ಕೆ ಒಂದೇ ಸಲ.

ಹೆಜ್ಜೆ 7: ಬಾಯಿಪಾಠ

ಪುಸ್ತಕ ಇಲ್ಲದೇ ನುಡಿಸೋ ಪದ್ಧತಿನ ಸಭೆಗೆ ತಂದವರಲ್ಲಿ ಕ್ಲಾರಾ ಶೂಮನ್ ಮತ್ತೆ ಲಿಸ್ಟ್ ದೊಡ್ಡ ಹೆಸರು, ಹತ್ತೊಂಬತ್ತನೇ ಶತಮಾನದಲ್ಲಿ. ಅಂದಿನಿಂದ ಎಲ್ಲರಿಗೂ ಇದೇ ಭಯ.

ಮಕ್ಕಳ ಬಾಯಿಪಾಠ ಪೂರ್ತಿ ಬೆರಳಲ್ಲಿರತ್ತೆ. ಬೆರಳಿನ ನೆನಪು ಮನೇಲಿ ಚೆನ್ನಾಗಿ ಕೆಲಸ ಮಾಡತ್ತೆ, ಸ್ಟೇಜ್ ಮೇಲೆ "ಈಗ ಮುಂದೇನು?" ಅಂತ ಒಂದು ಯೋಚನೆ ಬಂದ್ರೆ ಸಾಕು, ನಿಂತೋಗತ್ತೆ. ಅದಕ್ಕೆ ಬೇರೆ ಮೂರು ಆಸರೆ ಬೇಕು: ಕಿವಿ, ಕಣ್ಣು, ಮತ್ತೆ ತಲೆ. ತಲೆ ಅಂದ್ರೆ ಪೀಸ್ ಎಲ್ಲಿ ಯಾವ ಕೀಗೆ (ಇಲ್ಲಿ ಕೀ ಅಂದ್ರೆ ಬೆರಳಿಡೋ ಕೀ ಅಲ್ಲ, ಸಿ ಮೇಜರ್, ಜಿ ಮೇಜರ್ ಥರದ ಸ್ವರಗಳ ನೆಲೆ) ಹೋಗತ್ತೆ ಅನ್ನೋ ತಿಳುವಳಿಕೆ.

ಅದೇ ಕೆ. 545 ನೋಡಿ, ಬಾಯಿಪಾಠ ಕೈ ಕೊಡೋ ಜಾಗ ಎಲ್ಲಿ ಅಂತ ಪುಸ್ತಕ ನೋಡೇ ಹೇಳಬಹುದು. ಸಾಮಾನ್ಯವಾಗಿ ಸೊನಾಟದಲ್ಲಿ ಮೊದಲ ಟ್ಯೂನ್ ವಾಪಸ್ ಬರೋವಾಗ ಮನೆ ಕೀಗೇ, ಅಂದ್ರೆ ಪೀಸ್ ಶುರುವಾದ ಕೀಗೇ, ಬರಬೇಕು, ಮೊಜಾರ್ಟ್ ಇಲ್ಲಿ 42ನೇ ಬಾರ್‌ನಲ್ಲಿ ಅದನ್ನ ಎಫ್ ಮೇಜರ್‌ನಲ್ಲಿ ತರ್ತಾನೆ. ಸ್ಕೇಲ್‌ಗಳು ಈ ಸಲ ಎಡಗೈಗೂ ಬರ್ತವೆ. ಎರಡನೇ ಟ್ಯೂನ್ ಮೊದಲ ಸಲ ಜಿ ಮೇಜರ್, 14ನೇ ಬಾರ್‌ನಿಂದ, ಕೊನೆಗೆ ಸಿ ಮೇಜರ್. ಗಮನ ತಪ್ಪಿ ಬೆರಳು ಹಳೇ ದಾರಿ ಹಿಡಿದ್ರೆ ಮಗು ಎರಡನೇ ಟ್ಯೂನ್‌ಗೆ ಮತ್ತೆ ಜಿ ಮೇಜರ್‌ಗೆ ಹೋಗಿ, ಮೊದಲ ಭಾಗದ ಕೊನೆಗೆ ಬಂದು ನಿಲ್ಲತ್ತೆ, ಹೊರಗೆ ಬರೋ ದಾರಿ ಸಿಗಲ್ಲ. ಪರಿಹಾರ, ಈ ಎರಡು ಜಾಗನ ಒಂದರ ಹಿಂದೊಂದು ನುಡಿಸೋದು: ಮೊದಲ ಸಲದ ನಾಲ್ಕು ಬಾರ್, ತಕ್ಷಣ ಕೊನೇ ಸಲದ ನಾಲ್ಕು ಬಾರ್, ಎಲ್ಲಿ ಬೇರೆ ಆಯ್ತು ಅಂತ ಬಾಯಲ್ಲಿ ಹೇಳಿಸಿ. ಹೇಳೋಕೆ ಬಂದ್ರೆ ಗೊತ್ತು ಅಂತ ಅರ್ಥ.

ಪೀಸ್‌ನಲ್ಲಿ ಎಂಟು ಹತ್ತು ಸ್ಟೇಷನ್ ಗುರುತು ಹಾಕಿ, ನಂಬರ್ ಕೊಡಿ. "5ರಿಂದ ಶುರು ಮಾಡು", "ಈಗ 2ರಿಂದ" ಅಂತ ಅಮ್ಮ ಅಡುಗೆಮನೆಯಿಂದ ಹೇಳಬಹುದು, ಅದಕ್ಕೆ ಸಂಗೀತ ಗೊತ್ತಿರಬೇಕಾಗಿಲ್ಲ. ಇನ್ನೊಂದು ಆಟ, ನುಡಿಸ್ತಿರೋವಾಗ ಚಪ್ಪಾಳೆ ತಟ್ಟಿ, ತಟ್ಟಿದ ತಕ್ಷಣ ಮುಂದಿನ ಸ್ಟೇಷನ್‌ಗೆ ಜಂಪ್. ಸ್ಟೇಜ್ ಮೇಲೆ ಮರೆತ್ರೆ ಹಿಂದೆ ಹೋಗೋದಲ್ಲ, ಮುಂದಿನ ಸ್ಟೇಷನ್‌ಗೆ ಹೋಗೋದು, ಇದು ಕೈಗೆ ಅಭ್ಯಾಸ ಆಗಿರಬೇಕು. ಎಡಗೈ ಒಂದನ್ನೇ ಪುಸ್ತಕ ಇಲ್ಲದೇ ನುಡಿಸೋಕೆ ಹೇಳಿ, ಬಾಯಿಪಾಠ ಎಷ್ಟು ತೆಳುವಾಗಿದೆ ಅಂತ ಐದು ಸೆಕೆಂಡ್‌ನಲ್ಲಿ ಗೊತ್ತಾಗತ್ತೆ. ಕಿವಿ ತುಂಬಾ ಚುರುಕಿರೋ ಮಕ್ಕಳು, ಅದ್ರಲ್ಲೂ ಹಾಡೋಕೆ ಕಲಿತವರು, ಟ್ಯೂನ್ ಬೇಗ ಹಿಡಿದು ಪುಸ್ತಕ ಓದೋದನ್ನೇ ಬಿಡ್ತಾರೆ. ಅವರಿಗೆ ವಾರಕ್ಕೊಂದ್ಸಲ ಪುಸ್ತಕ ತೆರೆಸಿ, ಮೆಲ್ಲಗೆ, ಪ್ರತಿ ಗುರುತು ಓದಿಸ್ಕೊಂಡು ನುಡಿಸಿ. ಇಲ್ಲಾಂದ್ರೆ ಎಡಗೈಲಿ ಸ್ವಂತ ಸಾಹಿತ್ಯ ಸೇರಿರತ್ತೆ.

ಹೆಜ್ಜೆ 8: ಮನೆ ಡಿಜಿಟಲ್, ಹಾಲ್ ಗ್ರ್ಯಾಂಡ್

ಅಪಾರ್ಟ್‌ಮೆಂಟ್‌ನಲ್ಲಿ ಡಿಜಿಟಲ್ ಪಿಯಾನೋನೇ ಸಾಧ್ಯ, ಅದ್ರಲ್ಲಿ ತಪ್ಪಿಲ್ಲ, 88 ಕೀ, ವೆಯ್ಟೆಡ್ (ನಿಜವಾದ ಪಿಯಾನೋ ಥರ ಭಾರ ಇರೋ ಕೀ) ಆಗಿದ್ರೆ ಸಾಕು. ಆದ್ರೆ ಹೆಡ್‌ಫೋನ್ ಹಾಕ್ಕೊಂಡು ಕಲಿತ ಮಗುಗೆ ಎರಡು ವಿಷಯ ಗೊತ್ತಿರಲ್ಲ. ಒಂದು, ಮೆಲ್ಲಗೆ ನುಡಿಸೋದು. ಎಷ್ಟೋ ಡಿಜಿಟಲ್‌ಗಳಲ್ಲಿ ಕೀ ಹಗುರವಾಗಿ ಮುಟ್ಟಿದ್ರೂ ಸೌಂಡ್ ಬರತ್ತೆ, ನಿಜವಾದ ಪಿಯಾನೋದಲ್ಲಿ ತೀರಾ ಹಗುರ ಮುಟ್ಟಿದ್ರೆ ಸುತ್ತಿಗೆ ತಂತಿವರೆಗೂ ಹೋಗೋದೇ ಇಲ್ಲ, ನೋಟ್ ಮಾಯ. ಎರಡು, ಪೆಡಲ್. ಹಾಲ್‌ನಲ್ಲಿ ಸೌಂಡ್ ತಾನೇ ಉಳಿಯತ್ತೆ, ಮನೆಯಷ್ಟೇ ಪೆಡಲ್ ಒತ್ತಿದ್ರೆ ಶೋಪಾನ್ ವಾಲ್ಟ್ಜ್ ಪೂರ್ತಿ ಕಲಸಿ ಹೋಗತ್ತೆ. ಎ ಮೈನರ್ ವಾಲ್ಟ್ಜ್ ಆದ್ರೆ ಬೇಸ್ ನೋಟ್‌ಗೆ ಪೆಡಲ್, ಮೂರನೇ ಬೀಟ್‌ಗೆ ಬಿಟ್ಟುಬಿಡಿ, ಕಿವಿಗೆ ಸ್ವಲ್ಪ ಡ್ರೈ ಅನ್ಸಿದ್ರೂ ಹಾಲ್‌ನಲ್ಲಿ ಸರಿಯಾಗಿರತ್ತೆ. ವಾರಕ್ಕೆ ಒಂದು ದಿನ ಪೆಡಲ್ ಇಲ್ಲದೇ ಇಡೀ ಪೀಸ್ ನುಡಿಸಿ, ಬೆರಳು ಲೆಗಾಟೋ (ನೋಟ್‌ಗಳನ್ನ ಕಡಿಯದೇ ಸೇರಿಸೋದು) ಹಿಡಿಯತ್ತಾ ಅಂತ ಗೊತ್ತಾಗತ್ತೆ.

ಕೊನೇ ಎರಡು ತಿಂಗಳಲ್ಲಿ ಸಾಧ್ಯ ಆದಷ್ಟು ಸಲ ನಿಜವಾದ ಪಿಯಾನೋ ಮೇಲೆ ಕೂರಿಸಿ. ಮ್ಯೂಸಿಕ್ ಸ್ಕೂಲ್ ರೂಮ್ ಗಂಟೆ ಲೆಕ್ಕದಲ್ಲಿ ಸಿಗಬಹುದು, ಚರ್ಚ್‌ನಲ್ಲಿ ಕೇಳಿ, ಫ್ರೆಂಡ್ ಮನೆ ಇದ್ರೆ ಇನ್ನೂ ಒಳ್ಳೇದು. ಬೇರೆ ಬೇರೆ ಪಿಯಾನೋ ಆದಷ್ಟೂ ಲಾಭ, ಹಳೇ ಅಪ್‌ರೈಟ್, ಮಳೆಗಾಲದಲ್ಲಿ ಕೀ ಭಾರ ಆಗಿರೋದು, ಶ್ರುತಿ ಸ್ವಲ್ಪ ಬಿದ್ದಿರೋದು, ಎಲ್ಲ ನಡೆಯತ್ತೆ.

ಹೆಜ್ಜೆ 9: ಅಣಕು ಕಛೇರಿ, ವಿಡಿಯೋ

ಕೊನೇ ತಿಂಗಳು ವಾರಕ್ಕೆ ಎರಡು ಸಲನಾದ್ರೂ ಯಾರದ್ದಾದ್ರೂ ಮುಂದೆ ನುಡಿಸ್ಬೇಕು. ಅಜ್ಜಿ, ಪಕ್ಕದ ಮನೆ ಆಂಟಿ, ಕಸಿನ್ಸ್, ಯಾರಾದ್ರೂ ಸರಿ. ನಡೆದು ಬರೋದು, ನಮಸ್ಕಾರ, ಬೆಂಚ್ ಸರಿ ಮಾಡ್ಕೊಳ್ಳೋದು, ಎಲ್ಲ ಸೇರಿಸಿ. ವಾರ್ಮ್ ಅಪ್ ಇಲ್ಲದೇ, ಸ್ಕೂಲ್‌ನಿಂದ ಬಂದ ತಕ್ಷಣ ಒಂದ್ಸಲ ಕೂರಿಸಿ, ಮೆಟ್ಟಿಲು ಹತ್ತಿ ಇಳಿದು ಎದೆ ಬಡ್ಕೋತಿರೋವಾಗ ಇನ್ನೊಂದ್ಸಲ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಆದ್ರೆ ಅವತ್ತೇ ಕೇಳಬೇಡಿ, ಮಾರನೇ ದಿನ ಪುಸ್ತಕ ಪೆನ್ಸಿಲ್ ಹಿಡ್ಕೊಂಡು ಮಗುನೇ ಜಡ್ಜ್ ಆಗಿ ಕೇಳಲಿ.

ವಿಡಿಯೋ ರೌಂಡ್‌ಗೆ: ಕೈ, ಮುಖ, ಕೀಬೋರ್ಡ್ ಮೂರೂ ಕಾಣೋ ಹಾಗೆ ಬಲಗಡೆಯಿಂದ, ಫೋನ್ ಸ್ಟ್ಯಾಂಡ್ ಮೇಲೆ. ತೀರಾ ಹತ್ರ ಇಟ್ರೆ ಜೋರು ಜಾಗದಲ್ಲಿ ಸೌಂಡ್ ಒಡೆಯತ್ತೆ. ಫ್ಯಾನ್ ಆಫ್, ಕುಕ್ಕರ್ ಆಫ್, ಫೋನ್ ಏರ್‌ಪ್ಲೇನ್ ಮೋಡ್. ಎಡಿಟ್ ಮಾಡೋ ಹಾಗಿಲ್ಲ ಅಂತ ಸಾಮಾನ್ಯವಾಗಿ ಹೇಳಿರ್ತಾರೆ. ಒಂದು ಸಿಟ್ಟಿಂಗ್‌ನಲ್ಲಿ ಮೂರು ಟೇಕ್ ಸಾಕು, ನಾಲ್ಕನೇದರಿಂದ ಮಗು ಸುಸ್ತಾಗಿ ಸಂಗೀತ ಹೋಗಿ ಬರೀ ನೋಟ್ಸ್ ಉಳಿಯತ್ತೆ.

ಹೆಜ್ಜೆ 10: ಆ ದಿನ

ಬೆಳಿಗ್ಗೆ ಅರ್ಧ ಸ್ಪೀಡ್‌ನಲ್ಲಿ ಒಂದ್ಸಲ, ಶುರುವಿನ ನಾಲ್ಕು ಬಾರ್ ಎರಡು ಮೂರು ಸಲ, ಸಾಕು. ಫುಲ್ ಸ್ಪೀಡ್ ಮನೇಲಿ ಬೇಡ. ಹೊಟ್ಟೆ ತುಂಬಾ ಬಿರಿಯೋ ಹಾಗೆ ತಿನ್ನಿಸಬೇಡಿ, ಖಾಲಿ ಹೊಟ್ಟೇಲೂ ಕಳಿಸಬೇಡಿ, ಎರಡು ಇಡ್ಲಿ ಆಗಬಹುದು. ತೋಳಿಲ್ಲದ ಡ್ರೆಸ್ ಆದ್ರೆ ಮೇಲೊಂದು ಸ್ವೆಟರ್ ಇರಲಿ, ಎ.ಸಿ.ಲಿ ಕಾಯೋವಾಗ ಕೈ ಬೆಚ್ಚಗಿರಬೇಕು. ಹೊಸ ಚಪ್ಪಲಿ, ದಪ್ಪ ಸೋಲ್ ಶೂ ಬೇಡ, ಪೆಡಲ್ ಕಾಲಿಗೆ ಗೊತ್ತಾಗಲ್ಲ, ಯಾವ ಶೂನಲ್ಲಿ ಪ್ರಾಕ್ಟೀಸ್ ಮಾಡಿದ್ರೋ ಅದೇ.

ಸ್ಟೇಜ್ ಮೇಲೆ ಬೆಂಚ್ ಎತ್ತರ ಸರಿ ಮಾಡ್ಕೊಳ್ಳೋಕೆ ನಾಚಿಕೆ ಪಡಬಾರದು, ಮುಂಚೆ ಕೂತವನು ಆರಡಿ ಇದ್ದಿರಬಹುದು. ಪೆಡಲ್ ಒಂದ್ಸಲ ಸದ್ದಿಲ್ಲದೇ ಒತ್ತಿ ನೋಡಲಿ. ಕಷ್ಟದ ಬಾರ್ ಮನಸ್ಸಲ್ಲಿ ಕೇಳಿ, ಉಸಿರು ಬಿಟ್ಟು, ಶುರು. ತಪ್ಪಾದ್ರೆ ಮುಖ ಸಿಂಡರಿಸೋದು, ತಲೆ ಆಡಿಸೋದು ಬೇಡ, ಎಷ್ಟೋ ತಪ್ಪು ಜಡ್ಜ್‌ಗೆ ಗೊತ್ತಾಗೋದೇ ಮಗುವಿನ ಮುಖ ನೋಡಿ. ಕೊನೇ ನೋಟ್ ಸೌಂಡ್ ಮುಗಿಯೋವರೆಗೂ ಕೈ ಎತ್ತಬಾರದು.

ಪೇರೆಂಟ್ಸ್‌ಗೆ ಒಂದು ವಿನಂತಿ. ಹಾಲ್ ಹೊರಗೆ ಬೇರೆ ಮಕ್ಕಳ ಬಗ್ಗೆ ಮಾತಾಡಬೇಡಿ, ನಿಮ್ಮ ಮಗು ಕೇಳಿಸ್ಕೋತಿರತ್ತೆ. ನುಡಿಸಿ ಕೆಳಗಿಳಿದು ಬಂದಾಗ "ಆ ಜಾಗದಲ್ಲಿ ಏನಾಯ್ತು?" ಅನ್ನೋದು ಮೊದಲ ಮಾತಾಗೋದು ಬೇಡ, ಅದು ಅವಳಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಆಮೇಲೆ

ಜಡ್ಜ್ ಬರೆದ ಶೀಟ್ ಸಿಕ್ಕರೆ ಎರಡು ದಿನ ಬಿಟ್ಟು ಟೀಚರ್ ಜೊತೆ ಕೂತು ಓದಿ. ಮಾರ್ಕ್ಸ್ ಬಿಡಿ, ಅದ್ರಲ್ಲಿ ಬರೆದಿರೋ ವಾಕ್ಯ ಮುಖ್ಯ. "ಎಡಗೈ ಜೋರು", "ಫ್ರೇಸ್ ಕೊನೆ ಗಮನಿಸಿ" ಅಂತ ಇದ್ರೆ ಮುಂದಿನ ಪೀಸ್‌ನ ಆರಿಸೋಕೆ ಅದೇ ಆಧಾರ. ಪೀಸ್‌ನ ಮೂರು ನಾಲ್ಕು ವಾರ ಮುಟ್ಟಬೇಡಿ, ಆಮೇಲೆ ವಾಪಸ್ ತಗೊಂಡು ವಾರಕ್ಕೊಂದ್ಸಲ ನುಡಿಸ್ತಾ ಇರಿ. ಮುಂದಿನ ವರ್ಷ ಎರಡು ಪೀಸ್ ಕೇಳಿದ್ರೆ ಒಂದು ಇದೇ ಇರಲಿ, ಹೊಸದು ಒಂದೇ ಒಂದು ಕಲೀರಿ.